ಗಲ್ಲಿಯಲ್ಲಿ ಒಂದೇ ಬೀಗ

ನಾನು ಕೆಲಸ ಮಾಡುವುದು ಕಂಟೋನ್ಮೆಂಟ್ ಕಡೆಯ ಒಂದು ಹಳೆಯ ಸೇವಾಸಂಸ್ಥೆಯಲ್ಲಿ. ಶಿವಾಜಿನಗರದಿಂದ ಹಲಸೂರು ಕೆರೆಯ ಕಡೆಗೆ ಬರುವ ರಸ್ತೆಯೊಂದರಲ್ಲಿ ಎರಡಂತಸ್ತಿನ ಕಟ್ಟಡ. ಕೆಳಗೆ ವಯಸ್ಸಾದವರಿಗೆ ಮಧ್ಯಾಹ್ನದ ಊಟ, ಹೊಲಿಗೆ ತರಗತಿ, ವಾರಕ್ಕೆರಡು ದಿನ ಬರುವ ಡಾಕ್ಟರು. ಮೇಲೆ ನಾವು ಮೂರು ಜನ, ಸಂಶೋಧನೆಯವರು. ಮನೆಮನೆಗೆ ಹೋಗಿ ಜನರ ಕಷ್ಟ ಕೇಳುವುದು, ಕೇಳಿದ್ದನ್ನು ವರದಿ ಮಾಡುವುದು, ಆ ವರದಿ ಹಿಡಿದುಕೊಂಡು ಸರ್ಕಾರದ ಕಚೇರಿಗಳಿಗೆ ಹೋಗಿ ‘ಈ ನಿಯಮ ಬದಲಿಸಿ, ಈ ಸೌಲಭ್ಯ ಕೊಡಿ’ ಎಂದು ಬೆನ್ನುಹತ್ತುವುದು ನಮ್ಮ ಕೆಲಸ. ಕೆಳಗಿನ ಅಡುಗೆಯವರು ನಮ್ಮನ್ನು ಕಂಡಾಗಲೆಲ್ಲ ಹೇಳುತ್ತಿದ್ದರು: “ಕೆಳಗೆ ಅನ್ನ ಬೇಯುತ್ತೆ, ಮೇಲೆ ಪೇಪರ್ ಬೇಯುತ್ತೆ.” ನಾನೂ ನಗುತ್ತಿದ್ದೆ. ನನ್ನ ಬರವಣಿಗೆಯ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಜಂಬವಿತ್ತು. ಉಳಿದವರ ವರದಿಗಳು ಮೇಜಿನ ಮೇಲೆ ಧೂಳು ತಿನ್ನುತ್ತವೆ, ನನ್ನದನ್ನು ಜನ ಓದುತ್ತಾರೆ ಎನ್ನುವ ಜಂಬ.

ಆ ವರ್ಷ ನಾವು ಕೈಗೆತ್ತಿಕೊಂಡದ್ದು, ಬುದ್ಧಿಮಾಂದ್ಯತೆ ಇರುವ, ಪ್ರಾಯಕ್ಕೆ ಬಂದ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುವ ತಾಯಂದಿರ ವಿಷಯ. ಚಿಕ್ಕವರಿರುವಾಗ ಹೇಗೋ ಒಂದು ಶಾಲೆ ಸಿಗುತ್ತದೆ. ಹದಿನೆಂಟು ದಾಟಿದ ಮೇಲೆ ಮನೆಯೇ ಎಲ್ಲ. ತಾಯಿ ದುಡಿಯಲು ಹೋದರೆ ಮಗುವನ್ನು ನೋಡಿಕೊಳ್ಳುವವರು ಯಾರು? ವಾರ್ಡಿಗೊಂದು ಹಗಲು ಪಾಲನಾ ಕೇಂದ್ರ ಬೇಕು ಎನ್ನುವುದು ನಮ್ಮ ಬೇಡಿಕೆ. ಅದಕ್ಕಾಗಿ ಶಿವಾಜಿನಗರ, ಹಲಸೂರು, ದೊಮ್ಮಲೂರಿನ ಮನೆಗಳನ್ನು ಸುತ್ತಿದೆವು.

ಹಾಗೆ ಸುತ್ತುವಾಗ ಸಿಕ್ಕವರು ಹಲಸೂರಿನ ಈ ತಾಯಿ. ಮಾರ್ಕೆಟ್ಟಿನ ಹಿಂದೆ, ಎರಡು ಸ್ಕೂಟರು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದಂಥ ಗಲ್ಲಿಯಲ್ಲಿ ಒಂದು ಕೋಣೆಯ ಮನೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇಪ್ಪತ್ತಮೂರು ವರ್ಷದ ಮಗಳಿಗೆ ಮಾತು ಬರುವುದಿಲ್ಲ. ನಾನು ಹೋದ ದಿನ ಅವಳು ನೆಲದ ಮೇಲೆ ಕೂತು ಸ್ಟೀಲಿನ ಮುಚ್ಚಳಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಬಿದ್ದರೆ ನಕ್ಕು ಮತ್ತೆ ಜೋಡಿಸುತ್ತಿದ್ದಳು. ತಾಯಿ ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತ, ನಡುನಡುವೆ ಮಗಳಿಗೆ ತಮಿಳಿನಲ್ಲಿ “ಕಣ್ಣು, ಕಣ್ಣು” ಎಂದು ಮುದ್ದಿಸುತ್ತ ಕಾಫಿ ಮಾಡಿದರು.

“ಬೆಳಿಗ್ಗೆ ಆರೂವರೆಗೆ ಹೊರಡ್ತೀನಿ ಮೇಡಂ. ಇಂದಿರಾನಗರದಲ್ಲಿ ಎರಡು ಮನೆ ಅಡುಗೆ. ಹನ್ನೆರಡಕ್ಕೆ ವಾಪಸ್.”

“ಅಲ್ಲೀತನಕ ಇವಳನ್ನ ಯಾರು ನೋಡ್ಕೋತಾರೆ?”

ಅವರು ಲೋಟ ತೊಳೆಯುವುದನ್ನು ನಿಲ್ಲಿಸಿದರು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಬೀಗ ಹಾಕ್ಕೊಂಡು ಹೋಗ್ತೀನಿ.”

ಮೊದಲು ಬೀಗ ಹಾಕುತ್ತಿರಲಿಲ್ಲವಂತೆ. ಒಂದು ದಿನ ಮಗಳು ಚಿಲಕ ತೆಗೆದುಕೊಂಡು ಹೊರಟುಬಿಟ್ಟಿದ್ದಳು. ತಾಯಿ ಹುಡುಕಿ ಹುಡುಕಿ ಕಡೆಗೆ ಕಂಡದ್ದು ಬಸ್ ಸ್ಟಾಪಿನ ಹಿಂದೆ. ಗುರುತಿಲ್ಲದ ಗಂಡಸೊಬ್ಬ ಅವಳ ಕೈ ಹಿಡಿದುಕೊಂಡು ನಿಂತಿದ್ದ. ಈ ತಾಯಿಯನ್ನು ಕಂಡವನೇ ಕೈಬಿಟ್ಟು ಜನರೊಳಗೆ ಸೇರಿಕೊಂಡ. “ಅವತ್ತು ಸಾಯಂಕಾಲಾನೇ ಬೀಗ ತಂದೆ” ಎಂದರು. “ಇನ್ನೊಂದು ಕೀ ಪಕ್ಕದ ಮನೆ ಹೂವಿನ ಅಕ್ಕನ ಹತ್ರ ಇದೆ.” ಆಮೇಲೆ ನನ್ನ ಪುಸ್ತಕ, ಪೆನ್ನು ನೋಡಿ ಹೇಳಿದರು: “ಇದನ್ನ ಬರೀಬೇಡಿ ಮೇಡಂ.”

“ಹೆಸರು ಬರೆಯಲ್ಲ ಅಮ್ಮಾ, ಹೆದರಬೇಡಿ” ಎಂದೆ.

ಅವರು ಸಮಾಧಾನದಿಂದ ತಲೆಯಾಡಿಸಿದರು. ಒಪ್ಪಿಗೆಯ ಹಾಳೆಗೆ ಸಹಿಯನ್ನೂ ಹಾಕಿದರು. ಅವರು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಅವರು ‘ಬರೀಬೇಡಿ’ ಎಂದಿದ್ದರು. ನಾನು ‘ಹೆಸರು ಬರೆಯಲ್ಲ’ ಎಂದಿದ್ದೆ. ಎರಡೂ ಒಂದೇ ಅಲ್ಲವೆಂದು ಆ ಕ್ಷಣವೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಪುಸ್ತಕ ಮುಚ್ಚಿ ಕಾಫಿ ಕುಡಿದು ಬಂದೆ.

ವರದಿಯ ಮೊದಲ ಪುಟದಲ್ಲಿ ನಾನು ಬರೆದದ್ದು ಇದು: ‘ಹಲಸೂರಿನ ಗಲ್ಲಿಯೊಂದರಲ್ಲಿ, ಇಂದಿರಾನಗರದ ಎರಡು ಮನೆಗಳಿಗೆ ಅಡುಗೆ ಮಾಡಿ ಬದುಕುವ ವಿಧವೆಯೊಬ್ಬರು, ಮಾತು ಬಾರದ ಇಪ್ಪತ್ತಮೂರರ ಮಗಳನ್ನು ಒಳಗೆ ಬಿಟ್ಟು, ಪ್ರತಿದಿನ ಬೆಳಿಗ್ಗೆ ಬೀಗ ಹಾಕಿಕೊಂಡು ಹೊರಡುತ್ತಾರೆ.’ ನಮ್ಮ ಡೈರೆಕ್ಟರು, ಅರವತ್ತು ದಾಟಿದ, ಅಳೆದು ಮಾತಾಡುವ ಮನುಷ್ಯ, ಅದನ್ನು ಎರಡು ಸಲ ಓದಿ, “ಇದೊಂದು ವಾಕ್ಯ ಸಾಕಮ್ಮ” ಎಂದರು. ನನಗೆ ಹಿಗ್ಗಾಯಿತು.

ವರದಿಯನ್ನು ಕೊಡಲು ಅವರೂ ನಾನೂ ಕೆ.ಆರ್. ಪುರದ ಕಡೆ, ಅಂಗವಿಕಲರ, ವೃದ್ಧರ ವಿಷಯ ನೋಡಿಕೊಳ್ಳುವ ಇಲಾಖೆಯ ಕಚೇರಿಗೆ ಹೋದೆವು. ಅಧಿಕಾರಿ ನನ್ನದೇ ವಯಸ್ಸಿನ ಹೆಂಗಸು. ಬಂದವರನ್ನು ನಿಲ್ಲಿಸಿ ಮಾತಾಡಿಸುವ ಪೈಕಿಯಲ್ಲ. ಕೂರಿಸಿ, ನೀರು ತರಿಸಿ, ನಮ್ಮೆದುರೇ ಓದತೊಡಗಿದರು. ಮೊದಲ ಪುಟದಲ್ಲೇ ನಿಂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾರಿವರು?”

“ಹೆಸರು ಹೇಳೋ ಹಾಗಿಲ್ಲ ಮೇಡಂ. ಹೇಳಲ್ಲ ಅಂತ ಮಾತು ಕೊಟ್ಟು ಮಾಹಿತಿ ತಗೊಂಡಿರ್ತೀವಿ” ಎಂದೆ.

“ಒಂದು ಹುಡುಗೀನ ದಿನಾ ಒಳಗೆ ಕೂಡಿಹಾಕ್ತಾರೆ ಅಂತ ನೀವೇ ಬರೆದಿದ್ದೀರಿ. ಒಳಗೆ ಬೆಂಕಿ ಬಿದ್ರೆ? ಅವಳಿಗೆ ಕೂಗೋಕೂ ಬರಲ್ಲ.”

“ಅದಕ್ಕೇ ಮೇಡಂ ಕೇಂದ್ರ ಬೇಕು ಅನ್ನೋದು…”

“ಕೇಂದ್ರ ಆಮೇಲಿನ ಮಾತು. ನಾಳೆ ಏನಾದ್ರೂ ಆದ್ರೆ ಈ ಪೇಪರ್ ನನ್ನ ಟೇಬಲ್ ಮೇಲೆ ಬಂದಿತ್ತು ಅಂತ ಎಲ್ರೂ ಕೇಳ್ತಾರೆ. ಅಡ್ರೆಸ್ ಕೊಡಿ. ನಾವು ಆ ಹುಡುಗೀನ ಸುರಕ್ಷಿತವಾದ ಜಾಗಕ್ಕೆ ಸೇರಿಸ್ತೀವಿ.”

ನಾನು ಡೈರೆಕ್ಟರ ಮುಖ ನೋಡಿದೆ. ಅವರು ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಅಧಿಕಾರಿ ವರದಿಯನ್ನು ಮಡಚಿ ಬದಿಗಿಟ್ಟು ಹೇಳಿದರು: “ಸೋಮವಾರದ ತನಕ ಟೈಮ್ ಕೊಡ್ತೀನಿ. ನೀವು ಕೊಡದಿದ್ರೂ ನಮಗೆ ಸಿಗುತ್ತೆ. ಹಲಸೂರು ಎಷ್ಟು ದೊಡ್ಡದು?”

ವಾಪಸು ಬರುವಾಗ ಆಟೋ ಟಿನ್ ಫ್ಯಾಕ್ಟರಿ ಹತ್ತಿರ ಬಹಳ ಹೊತ್ತು ಸಿಕ್ಕಿಕೊಂಡಿತ್ತು. ಹಾರ್ನುಗಳ ಗದ್ದಲದಲ್ಲಿ ಡೈರೆಕ್ಟರು ಕೇಳಿದರು:

“ಕೊಟ್ಟುಬಿಡೋಣ ಅಂತೀಯಾ?”

“ಮಾತು ಕೊಟ್ಟಿದ್ದೀನಿ ಸರ್.”

“ಅವರು ಕೇಳಿದ್ದರಲ್ಲಿ ತಪ್ಪೇನಿದೆ ಹೇಳು. ಬೀಗದ ವಿಷಯ ಗೊತ್ತಾದ ದಿನ ನೀನು ಏನು ಮಾಡಿದೆ?”

ಬಂದು ಬರೆದೆ. ಅಷ್ಟೇ ಮಾಡಿದ್ದೆ. ಅವರು ಗದರಿ ಕೇಳಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದರು. ನಮ್ಮ ಕೆಳಗಿನ ಊಟದ ಮನೆ ನಡೆಯುವುದೂ ಅದೇ ಇಲಾಖೆಯ ಅನುಮತಿಯ ಮೇಲೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಹೊಸ ತಿಪ್ಪಸಂದ್ರದ ನನ್ನ ಮನೆಯಿಂದ ನೇರ ಹಲಸೂರಿಗೆ ಹೋದೆ. ಎಂಟೂವರೆ ಆಗಿತ್ತು. ಆ ಹೊತ್ತಿಗೆ ಅವರು ಕೆಲಸಕ್ಕೆ ಹೋಗಿರುತ್ತಾರೆ ಎನ್ನುವುದು ಗಲ್ಲಿಯೊಳಗೆ ಕಾಲಿಟ್ಟ ಮೇಲೆ ನೆನಪಾಯಿತು. ಬಾಗಿಲಿಗೆ ಬೀಗ ಬಿದ್ದಿತ್ತು. ಒಳಗಿನಿಂದ ಮುಚ್ಚಳ ಬೀಳುವ ಸದ್ದು, ಆಮೇಲೆ ಅವಳ ನಗು. ಬರೆಯುವಾಗ ನಾನು ಊಹಿಸಿಕೊಂಡಿದ್ದ ಬೀಗ ಬೇರೆ. ಎದುರಿಗೆ ಇದ್ದದ್ದು ಕೈಬೆರಳಿನಷ್ಟು ದಪ್ಪ ಕೊಂಡಿಯ, ದಿನಾ ಹಿಡಿದು ಹಿಡಿದು ಮಿರುಗುತ್ತಿದ್ದ ಹಿತ್ತಾಳೆ ಬೀಗ. ಅದರ ಮುಂದೆ ನಿಂತುಕೊಳ್ಳಲು ನನ್ನಿಂದ ಆಗಲಿಲ್ಲ.

ಪಕ್ಕದ ಜಗಲಿಯ ಮೇಲೆ ಕನಕಾಂಬರ ಕಟ್ಟುತ್ತಿದ್ದ ಹೂವಿನ ಅಕ್ಕ ನನ್ನನ್ನು ನೋಡಿ, “ಹನ್ನೆರಡಕ್ಕೆ ಬರ್ತಾಳೆ” ಎಂದರು. ನಂತರ ದಾರ ಹಲ್ಲಿನಲ್ಲಿ ಕಡಿದು ಹೇಳಿದರು: “ನಿನ್ನೆ ಸಾಯಂಕಾಲ ಇಬ್ಬರು ಬಂದು ಕೇಳ್ತಿದ್ರು. ಅಡುಗೆ ಕೆಲಸದವಳು, ಮಗಳಿಗೆ ಮಾತು ಬರಲ್ಲ, ಮನೆ ಯಾವ್ದು ಅಂತ. ನಾನು ಗೊತ್ತಿಲ್ಲ ಅಂದೆ. ಯಾರು ಮೇಡಂ ಅವ್ರು?”

ಸೋಮವಾರದ ಗಡುವು ನಮಗೆ ಮಾತ್ರ. ಹುಡುಕಾಟ ಆಗಲೇ ಶುರುವಾಗಿತ್ತು. ನಾನು ನನ್ನ ನಂಬರನ್ನು ಅವರಿಗೆ ಬರೆದುಕೊಟ್ಟು, ಅಲ್ಲೇ ಜಗಲಿಯ ತುದಿಯಲ್ಲಿ ಹನ್ನೆರಡರವರೆಗೆ ಕೂತೆ.

ತಾಯಿ ಬಂದರು. ಎಲ್ಲವನ್ನೂ ಹೇಳಿದೆ, ವಾಕ್ಯವನ್ನೂ ಓದಿ ಹೇಳಿದೆ. ಅವರು ಬೀಗ ತೆಗೆಯದೆ, ಕೈಯಲ್ಲಿ ಕೀಲಿ ಹಿಡಿದುಕೊಂಡೇ ಕೇಳಿಸಿಕೊಂಡರು.

“ಬರೀಬೇಡಿ ಅಂದಿದ್ದೆ.”

“ಹೆಸರು ಬರೆದಿಲ್ಲ ಅಮ್ಮಾ.”

“ಹೆಸರು ಯಾರಿಗೆ ಬೇಕು ಮೇಡಂ? ಈ ಗಲ್ಲೀಲಿ ಹಗಲು ಹೊತ್ತು ಬೀಗ ಹಾಕಿರೋದು ನನ್ನ ಮನೆ ಒಂದೇ.”

ಕೋಲಾರದ ಗಣಿ ಕಡೆ ತಂಗಿ ಇದ್ದಾಳೆ, ಇವತ್ತೇ ಮಗಳನ್ನು ಕರೆದುಕೊಂಡು ಹೋಗಿಬಿಡುತ್ತೇನೆ ಎಂದರು. ಕೆಲಸ ಹೋದರೆ ಹೋಗಲಿ ಎಂದರು. ಎರಡು ದಿನ ತಡೆಯಿರಿ, ನಾನೇ ಅಧಿಕಾರಿಯ ಹತ್ತಿರ ಮಾತಾಡುತ್ತೇನೆ ಎಂದು ಬೇಡಿಕೊಂಡೆ. ಅವರು ಬೀಗ ತೆಗೆದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು, ಆದರೆ ಊರು ಬಿಟ್ಟು ಹೋಗಲಿಲ್ಲ. ಆ ದಿನವೂ ಮರುದಿನವೂ ಅಧಿಕಾರಿಗೆ ಎಷ್ಟು ಸಲ ಫೋನ್ ಮಾಡಿದೆನೋ. ಮೀಟಿಂಗಿನಲ್ಲಿದ್ದಾರೆ ಎನ್ನುವುದೊಂದೇ ಉತ್ತರ.

ಶುಕ್ರವಾರ ಹತ್ತು ಗಂಟೆಗೆ ಹೂವಿನ ಅಕ್ಕನ ಫೋನ್ ಬಂತು. “ಬಂದವ್ರೆ ಮೇಡಂ. ಜೀಪು ಗಲ್ಲಿ ಬಾಯಲ್ಲಿ ನಿಂತಿದೆ. ಲೇಡಿ ಪೊಲೀಸೂ ಇದ್ದಾರೆ. ಬೀಗ ಒಡೀತೀವಿ ಅಂತಾವ್ರೆ.”

ಮೆಟ್ಟಿಲು ಇಳಿಯುತ್ತಲೇ ತಾಯಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಒಲೆಯ ಮುಂದೆ ಇದ್ದಾಗ ಎತ್ತುವುದಿಲ್ಲವೆಂದು ಗೊತ್ತಿತ್ತು. ಆಟೋ ಕೆರೆಯ ಪಕ್ಕ ತೆವಳುತ್ತಿದ್ದಾಗ ನಾಲ್ಕನೆಯ ಸಲ ಎತ್ತಿದರು. ನಾನು ಎರಡು ಮಾತು ಹೇಳುವಷ್ಟರಲ್ಲಿ ಆ ಕಡೆ ಏನೋ ಪಾತ್ರೆ ಬಿದ್ದ ಸದ್ದು ಕೇಳಿತು, ಫೋನ್ ಕಟ್ಟಾಯಿತು.

ಗಲ್ಲಿಯಲ್ಲಿ ಇಡೀ ಬೀದಿ ಸೇರಿತ್ತು. ಇಲಾಖೆಯ ಇಬ್ಬರು ಹೆಂಗಸರು, ಒಬ್ಬ ಪೊಲೀಸಮ್ಮ, ಕೈಯಲ್ಲಿ ಸುತ್ತಿಗೆ ಹಿಡಿದ ಡ್ರೈವರು. ಇಷ್ಟು ಜನರ ಗದ್ದಲಕ್ಕೆ ಒಳಗೆ ಮಗಳು ಬೆದರಿದ್ದಳು. ಅವಳು ಚೀರುತ್ತಿದ್ದಳು, ಜೊತೆಗೆ ಗೋಡೆಗೆ ಏನೋ ಬಡಿಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಅದು ಅವಳ ತಲೆ ಎಂದು ನನಗೆ ತಡವಾಗಿ ಅರ್ಥವಾಯಿತು.

ಇಲಾಖೆಯವರಲ್ಲಿ ಹಿರಿಯಳು, ಅಂದು ಕಚೇರಿಯಲ್ಲಿ ಕಂಡಿದ್ದ ನನ್ನನ್ನು ಗುರುತು ಹಿಡಿದು ಕೇಳಿದಳು: “ನೀವೇ ಅಲ್ವಾ ರಿಪೋರ್ಟ್ ಬರೆದಿದ್ದು? ಕೀ ಯಾರ ಹತ್ರ ಇದೆ?”

ಹೂವಿನ ಅಕ್ಕ ಜಗಲಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಅವರ ಕೈ ಸೊಂಟದ ಸಂಚಿಯ ಮೇಲಿತ್ತು.

“ಗೊತ್ತಿಲ್ಲ” ಎಂದೆ.

ಸಂಶೋಧನೆಯಲ್ಲಿ ಸುಳ್ಳು ಹೇಳಬಾರದೆಂದು ಹೊಸಬರಿಗೆ ಪಾಠ ಮಾಡುವವಳು ನಾನು. ಡ್ರೈವರು ಸುತ್ತಿಗೆ ಎತ್ತಿದ. ಮೊದಲ ಏಟಿಗೆ ಬೀಗ ಜಗ್ಗಲಿಲ್ಲ, ಒಳಗಿನ ಚೀರಾಟ ಮಾತ್ರ ಇಮ್ಮಡಿಯಾಯಿತು. ನಾನು ಹೋಗಿ ಅವನ ಕೈ ಹಿಡಿದುಕೊಂಡೆ. “ಒಡೀಬೇಡಿ! ಅವಳು ತಲೆ ಒಡ್ಕೋತಾಳೆ. ಅಕ್ಕಾ, ಕೀ ತನ್ನಿ. ನೀವೊಬ್ಬರೇ ಒಳಗೆ ಹೋಗಿ.”

ಪೊಲೀಸಮ್ಮ ಕ್ಷಣ ಯೋಚಿಸಿ ಎಲ್ಲರನ್ನೂ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಸಿದರು. ಹೂವಿನ ಅಕ್ಕ ಬಾಗಿಲು ತೆರೆದು ಒಳಗೆ ಹೋಗಿ, ಅರ್ಧ ಮುಚ್ಚಿಕೊಂಡು, ತಮಿಳಿನಲ್ಲಿ ಏನೋ ಹಾಡಿನಂತೆ ಹೇಳತೊಡಗಿದರು. ಚೀರಾಟ ಇಳಿದು ಬಿಕ್ಕಳಿಕೆಯಾಯಿತು.

ಅಷ್ಟರಲ್ಲಿ ತಾಯಿ ಬಂದರು. ಚಪಾತಿ ಹಿಟ್ಟು ಮೊಣಕೈವರೆಗೆ ಒಣಗಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಯಾರನ್ನೂ ನೋಡದೆ ಒಳಗೆ ನುಗ್ಗಿ ಮಗಳ ಹಣೆ ಹಿಡಿದು ನೋಡಿದರು. ಬೋರೆಹಣ್ಣಿನಷ್ಟು ಊದಿತ್ತು, ಸಣ್ಣಗೆ ರಕ್ತ. ಸೆರಗಿನಿಂದ ಒರೆಸಿದರು.

ಇಲಾಖೆಯ ಹಿರಿಯಳು ಹಿಂದೆಯೇ ಒಳಗೆ ಬಂದು ಕೋಣೆ ನೋಡಿದಳು. ಕೈಗೆಟಕುವ ಎತ್ತರದಲ್ಲಿ ಕುಡಿಯುವ ನೀರು, ತಟ್ಟೆಯಲ್ಲಿ ಮುಚ್ಚಿಟ್ಟ ಇಡ್ಲಿ. ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್.

“ಇದನ್ನ ಅವಳು ತಿರುಗಿಸಿಬಿಟ್ರೆ?”

ತಾಯಿ ತಮ್ಮ ಚೀಲದಿಂದ ಸಿಲಿಂಡರಿನ ರೆಗ್ಯುಲೇಟರ್ ತೆಗೆದು ಅವಳ ಕೈಗೆ ಕೊಟ್ಟರು. “ದಿನಾ ಬಿಚ್ಕೊಂಡು ಹೋಗ್ತೀನಿ. ಬೆಂಕಿಪೊಟ್ಟಣಾನೂ ಇದರಲ್ಲೇ ಇದೆ, ನೋಡಿ. ಚಾಕೂನೂ.”

ಆಕೆ ಅದನ್ನು ತಿರುಗಿಸಿ ನೋಡಿ ವಾಪಸು ಕೊಟ್ಟಳು. ಆಮೇಲೆ, “ನಮಗೆ ಆರ್ಡರ್ ಇದೆಯಮ್ಮ. ಕರ್ಕೊಂಡು ಹೋಗ್ಲೇಬೇಕು” ಎಂದಳು. ದನಿಯಲ್ಲಿ ಮೊದಲಿನ ಗಡಸು ಇರಲಿಲ್ಲ.

“ನನ್ನನ್ನೂ ಕರ್ಕೊಂಡು ಹೋಗಿ. ನಿಮ್ಮ ದೊಡ್ಡ ಮೇಡಂ ಹತ್ರಾನೇ ಹೋಗೋಣ” ಎಂದರು ತಾಯಿ.

ಜೀಪಿನಲ್ಲಿ ಮಗಳು ತಾಯಿಯ ತೊಡೆಯ ಮೇಲೆ ಮುಖ ಹುದುಗಿಸಿಕೊಂಡಿದ್ದಳು. ಎದುರು ಸೀಟಿನಲ್ಲಿ ನಾನು. ದಾರಿಯುದ್ದಕ್ಕೂ ಅವರು ನನ್ನತ್ತ ನೋಡಲಿಲ್ಲ. ನಾನು ಡೈರೆಕ್ಟರಿಗೆ ಫೋನ್ ಮಾಡಿ ಅಲ್ಲಿಗೇ ಬರುವಂತೆ ಹೇಳಿದೆ. ಏನು ಹೇಳಿ ಬಿಡಿಸಿಕೊಳ್ಳುವುದೆಂದು ಯೋಚಿಸಿದೆ. ನನ್ನ ವರದಿಯ ಒಂದು ಪದವೂ ಉಪಯೋಗಕ್ಕೆ ಬರುವಂತಿರಲಿಲ್ಲ.

ಅಧಿಕಾರಿ ಎಲ್ಲರನ್ನೂ ಒಳಗೆ ಕರೆಸಿದರು. ಮಗಳು ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ, ತಾಯಿಯ ಕಾಲಿಗೆ ಒರಗಿ ಕೂತಳು. ಹಣೆಯ ಊತವನ್ನು ಅಧಿಕಾರಿ ನೋಡಿದರು.

“ಇದು ಯಾವಾಗ ಆಗಿದ್ದು?”

ಇಲಾಖೆಯ ಹಿರಿಯಳೇ, “ಈಗ ಮೇಡಂ. ನಾವು ಬೀಗ ಒಡೆಯೋವಾಗ” ಎಂದಳು. ಆಕೆ ಅದನ್ನು ಹೇಳದೆಯೂ ಇರಬಹುದಿತ್ತು.

ಅಧಿಕಾರಿ ತಾಯಿಯ ಕಡೆ ತಿರುಗಿ ಹೇಳಿದರು: “ನೋಡಿಯಮ್ಮ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಬೀಗ ಹಾಕೋದನ್ನ ನಾನು ಒಪ್ಪೋಕಾಗಲ್ಲ.”

“ಹಾಕಲ್ಲ ಮೇಡಂ” ಎಂದರು ತಾಯಿ. “ಇವತ್ತೇ ತೆಗೆದುಬಿಡ್ತೀನಿ. ನಾಳೆ ಬೆಳಿಗ್ಗೆ ಆರೂವರೆಗೆ ಯಾರನ್ನ ಕಳಿಸ್ತೀರಾ?”

ತಾಯಿ ವ್ಯಂಗ್ಯಕ್ಕೆ ಕೇಳಿದ್ದಲ್ಲ. ಯಾರಾದರೂ ಬರುತ್ತಾರೆ ಎಂದರೆ ಎಷ್ಟು ಹೊತ್ತಿಗೆ ಎಂದು ತಿಳಿದುಕೊಳ್ಳುವವರ ಹಾಗೆ ಕಾಯುತ್ತಿದ್ದರು. ಅಧಿಕಾರಿ ಪೆನ್ನು ಎತ್ತಿದರು, ಇಳಿಸಿದರು. ಆಗ ಬಾಗಿಲ ಹತ್ತಿರ ನಿಂತಿದ್ದ ನಮ್ಮ ಡೈರೆಕ್ಟರು ಮಾತಾಡಿದರು.

“ಸೋಮವಾರದಿಂದ ನಮ್ಮಲ್ಲಿ ಬಿಡಲಿ ಮೇಡಂ. ಊಟದ ಮನೆ ಬೆಳಿಗ್ಗೆ ಖಾಲಿ ಇರುತ್ತೆ. ಆಯಾ ಇದ್ದಾರೆ. ಬರೆದುಕೊಡ್ತೀನಿ, ಜವಾಬ್ದಾರಿ ನಮ್ಮದು.”

ಹೀಗೊಂದು ಮಾತನ್ನು ಅವರು ನನ್ನ ಜೊತೆಗಾಗಲಿ ಬೇರೆ ಯಾರ ಜೊತೆಗಾಗಲಿ ಚರ್ಚಿಸಿರಲಿಲ್ಲ. ಯಾವುದನ್ನೂ ಸಮಿತಿಯ ಮುಂದಿಡದೆ ಮಾಡದ ಮನುಷ್ಯ. ಅಲ್ಲೇ ಒಂದು ಹಾಳೆ ಕೇಳಿ ಪಡೆದು ಬರೆದುಕೊಟ್ಟರು. ಅಧಿಕಾರಿ ಆ ಹಾಳೆಯನ್ನು ಓದಿ, ಫೈಲಿನಲ್ಲಿಟ್ಟು, ಮಗಳನ್ನು ತಾಯಿಯ ಜೊತೆ ಕಳಿಸಿದರು. ನಾವು ಹೊರಡುವಾಗ ನನ್ನನ್ನು ನಿಲ್ಲಿಸಿ, “ನಿಮ್ಮ ರಿಪೋರ್ಟ್ ಮೇಲಕ್ಕೆ ಕಳಿಸ್ತೀನಿ. ಮೊದಲನೇ ಪುಟ ಬದಲಾಯಿಸಿ ಕೊಡಿ” ಎಂದರು.

ಸೋಮವಾರ ಅವಳು ಬಂದಳು. ಮೊದಲ ವಾರ ಊಟದ ಮನೆಯ ಮೂಲೆ ಬಿಟ್ಟು ಅಲ್ಲಾಡಲಿಲ್ಲ. ನಿಧಾನವಾಗಿ ಊಟಕ್ಕೆ ಬರುವ ಅಜ್ಜಿಯರು ಅವಳ ಪಕ್ಕ ಕೂರತೊಡಗಿದರು. ತಿಂಗಳೊಪ್ಪತ್ತಿನಲ್ಲಿ ಇನ್ನೂ ಮೂರು ಮನೆಗಳವರು ತಮ್ಮ ಮಕ್ಕಳನ್ನು ಕರೆತಂದರು. ಆದರೆ ನಮ್ಮ ಆಯಾ ಬರುವುದೇ ಎಂಟಕ್ಕೆ. ಏಳಕ್ಕೇ ತಿಂಡಿ ಬೇಕಿದ್ದ ಇಂದಿರಾನಗರದ ಮೊದಲ ಮನೆಯವರು ಕಾಯಲು ಒಪ್ಪಲಿಲ್ಲ; ತಾಯಿಗೆ ಆ ಕೆಲಸ ಹೋಯಿತು. ಹೊಸ ಮನೆ ಸಿಗಲು ಎರಡು ತಿಂಗಳು ಹಿಡಿಯಿತು. ನಾವು ಒಳ್ಳೆಯದು ಮಾಡಿದೆವು ಎಂದು ಯಾರಾದರೂ ಹೊಗಳಿದರೆ ನನಗೆ ಆ ಎರಡು ತಿಂಗಳು ಕಣ್ಣಿಗೆ ಕಟ್ಟುತ್ತದೆ.

ಮೊದಲ ಪುಟವನ್ನು ನಾನು ತೆಗೆದುಹಾಕಿದೆ; ಕೇಂದ್ರ ಬೆಳಿಗ್ಗೆ ಆರಕ್ಕೇ ತೆರೆಯಬೇಕು ಎಂದು ಸೇರಿಸಿ ವರದಿಯನ್ನು ಮತ್ತೆ ಕೊಟ್ಟೆ. ಅಂದಿನಿಂದ, ಯಾರ ಮಾತನ್ನು ಬರೆದರೂ ಬರೆದದ್ದನ್ನು ಒಯ್ದು ಅವರೆದುರು ಓದುತ್ತೇನೆ, ಬೇಡವೆಂದದ್ದನ್ನು ಹೊಡೆದುಹಾಕುತ್ತೇನೆ. ಕೆಲವೊಮ್ಮೆ ಪುಟದಲ್ಲಿ ಏನೂ ಉಳಿಯುವುದಿಲ್ಲ. ಈ ಬರಹವನ್ನೂ ಹಾಗೆಯೇ ಓದಿ ಹೇಳಿದ್ದೇನೆ. ಗುರುತು ಸಿಗಬಾರದೆಂದು ಕೆಲವನ್ನು ಬದಲಾಯಿಸಿದ್ದೇನೆ.

ತಾಯಿ ನನ್ನ ಜೊತೆ ಬಹಳ ದಿನ ಮಾತಾಡಲಿಲ್ಲ. ಬೆಳಿಗ್ಗೆ ಮಗಳನ್ನು ಆಯಾಗೆ ಒಪ್ಪಿಸಿ, ನಾನು ಮೆಟ್ಟಿಲ ಮೇಲೆ ಕಂಡರೆ ತಲೆ ಬಗ್ಗಿಸಿ ಹೋಗಿಬಿಡುತ್ತಿದ್ದರು. ಕ್ಷಮೆ ಕೇಳಿದೆ, ಎರಡು ಸಲ. “ಆಯ್ತು ಬಿಡಿ” ಎಂದರು, ಎರಡು ಸಲವೂ. ಆ ಅಧಿಕಾರಿಗೆ ವರ್ಗವಾಯಿತು. ಫೈಲು ಪರಿಶೀಲನೆಯಲ್ಲಿದೆ ಎಂದು ಉತ್ತರ ಬರುತ್ತಿತ್ತು.

ಹೋದ ತಿಂಗಳು ಒಂದು ಬೆಳಿಗ್ಗೆ ಅವರು ನನ್ನ ಕೋಣೆಯವರೆಗೆ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲೇ ನಿಂತು ಕೇಳಿದರು: “ಆರು ಗಂಟೆಗೆ ತೆಗೆಯೋ ಕೇಂದ್ರ ಬೇಕು ಅಂತ ಕೇಳಿದ್ರಲ್ಲ, ಏನಾಯ್ತು?”

“ಇನ್ನೂ ಏನೂ ಆಗಿಲ್ಲ ಅಮ್ಮಾ. ಹೊಸ ಅಧಿಕಾರಿ ಬಂದಿದ್ದಾರೆ. ಬುಧವಾರ ಹೋಗ್ಬೇಕು.”

“ನಾನೂ ಬರ್ತೀನಿ. ನೀವು ಬರೆದಿದ್ದು ಅವ್ರಿಗೆ ಅರ್ಥ ಆಗಲ್ಲ.”

ಬುಧವಾರ ಅವರು ಒಂದು ಮನೆಯ ಕೆಲಸಕ್ಕೆ ರಜೆ ಹೇಳಿ ಬಂದರು. ಹಲಸೂರಿನಲ್ಲಿ ಮೆಟ್ರೋ ಹತ್ತಿ, ಕೆ.ಆರ್. ಪುರದಲ್ಲಿ ಇಳಿದು, ಕಚೇರಿಯ ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಹೊಸ ಅಧಿಕಾರಿ ಹನ್ನೊಂದಕ್ಕೆ ಬರುತ್ತಾರೆ ಎಂದರು, ಆಮೇಲೆ ಹನ್ನೆರಡಕ್ಕೆ ಎಂದರು. ನನ್ನ ಕೈಯಲ್ಲಿ ವರದಿ ಇತ್ತು. ಅವರ ಕೈಯಲ್ಲಿ ಏನೂ ಇರಲಿಲ್ಲ. ಹನ್ನೆರಡೂವರೆಗೆ ಜವಾನ ಬಂದು ಒಳಗೆ ಬನ್ನಿ ಎಂದಾಗ ಅವರೇ ಮೊದಲು ಎದ್ದರು.